ಯಾವ ಐದನೇ ಕ್ರಾಸ್?

ಆರ್‌.ಟಿ. ನಗರದ ಬಸ್ ಸ್ಟಾಪಿನಲ್ಲಿ ಇಳಿದು ಯಾರನ್ನಾದರೂ ‘ಫಿಫ್ತ್ ಕ್ರಾಸ್ ಎಲ್ಲಿ ಬರುತ್ತೆ?’ ಅಂತ ಕೇಳಿ ನೋಡಿ. ಉತ್ತರದ ಬದಲು ಇನ್ನೊಂದು ಪ್ರಶ್ನೆ ಬರುತ್ತೆ: ‘ಯಾವ ಫಿಫ್ತ್ ಕ್ರಾಸ್?’ ಎಳನೀರಿನವರು, ಆಟೊದವರು, ಇಸ್ತ್ರಿ ಅಂಗಡಿಯವರು, ಎಲ್ಲರೂ ಕೇಳೋದು ಇದನ್ನೇ. ಗಂಗಾನಗರದ್ದಾ? ಎಚ್‌ಎಂಟಿ ಲೇಔಟಿಂದಾ? ಆನಂದನಗರದ್ದಾ? ಸುಲ್ತಾನ್‌ಪಾಳ್ಯದ್ದಾ? ನೀವು ಫೋನ್ ತೆಗೆದು ನೋಡೋ ಹೊತ್ತಿಗೆ ಮುಂದಿನ ಮಾತು ಬಂದಿರುತ್ತೆ: ‘ಲ್ಯಾಂಡ್‌ಮಾರ್ಕ್ ಹೇಳಿ ಸಾರ್, ಪಕ್ಕದಲ್ಲಿ ಏನಿದೆ?’

ಹೊರಗಿನಿಂದ ಬಂದವರಿಗೆ ಇದು ತಮಾಷೆ. ಇಷ್ಟು ಚೆನ್ನಾಗಿ ರಸ್ತೆಗಳಿಗೆ ನಂಬರ್ ಕೊಟ್ಟ ಊರಲ್ಲಿ ಬೇಕರಿ, ದೇವಸ್ಥಾನ, ಟ್ರಾನ್ಸ್‌ಫಾರ್ಮರ್ ನೋಡಿಕೊಂಡು ದಾರಿ ಹುಡುಕಬೇಕಾ? ಒಂದು ಭಾನುವಾರ ಪೂರ್ತಿ ಉತ್ತರ ಬೆಂಗಳೂರು ಸುತ್ತಿದ ಮೇಲೆ ನನಗನ್ನಿಸಿದ್ದು ಇಷ್ಟು: ನಂಬರಿನಲ್ಲಿ ತಪ್ಪಿಲ್ಲ, ಅದರ ಮುಂದೆ ಇರಬೇಕಾದ ಇನಿಷಿಯಲ್ ಬಿಟ್ಟುಹೋಗಿದೆ.

ಮೇನ್–ಕ್ರಾಸ್ ಲೆಕ್ಕ ಮೂಲತಃ ಬಹಳ ಜಾಣ ಲೆಕ್ಕ. ಒಂದು ದಿಕ್ಕಿಗೆ ಹೋಗುವ ರಸ್ತೆಗಳೆಲ್ಲ ಮೇನ್, ಅವನ್ನು ಅಡ್ಡ ಹಾಯುವವೆಲ್ಲ ಕ್ರಾಸ್. ಬೋರ್ಡಿನ ಕನ್ನಡದಲ್ಲಿ ಮುಖ್ಯರಸ್ತೆ, ಅಡ್ಡರಸ್ತೆ. ಹಳೇ ಪೇಟೆಯಲ್ಲಿ ಇದರ ಅಗತ್ಯ ಇರಲಿಲ್ಲ. ಅಕ್ಕಿಪೇಟೆ, ಬಳೇಪೇಟೆ ಅಂದರೆ ಸಾಕು, ಅಲ್ಲಿ ಏನು ಸಿಗುತ್ತೆ ಅನ್ನೋದೇ ವಿಳಾಸ. 1898ರಲ್ಲಿ ಪ್ಲೇಗ್ ಬಂದು ಪೇಟೆಯ ಇಕ್ಕಟ್ಟಿಗೆ ಹೆದರಿದ ಮೇಲೆ ಮಲ್ಲೇಶ್ವರ, ಬಸವನಗುಡಿಗಳು ಗೆರೆ ಎಳೆದ ಹಾಗೆ ಹುಟ್ಟಿದವು. ಮಲ್ಲೇಶ್ವರದಲ್ಲಿ ಈಗಲೂ ಎಂಟನೇ ಕ್ರಾಸಿನಲ್ಲಿ ನಿಂತವರಿಗೆ ಹದಿನೈದನೇ ಕ್ರಾಸ್ ಯಾವ ಕಡೆ, ಎಷ್ಟು ದೂರ ಅಂತ ಯಾರೂ ಹೇಳಿಕೊಡಬೇಕಿಲ್ಲ. ಹೆಸರಿಗೆ ಈ ಶಕ್ತಿ ಇಲ್ಲ. ಸಂಪಿಗೆ ರಸ್ತೆಯಲ್ಲಿ ನಿಂತರೆ ಮಾರ್ಗೋಸಾ ರಸ್ತೆ ಎಡಕ್ಕೋ ಬಲಕ್ಕೋ ಅಂತ ಹೆಸರು ಹೇಳಲ್ಲ.

ಹಾಗಾದರೆ ಕೆಟ್ಟಿದ್ದು ಎಲ್ಲಿ? ಮೇಖ್ರಿ ಸರ್ಕಲ್ಲಿನಿಂದ ಶುರು ಮಾಡೋಣ. ಇನಾಯತುಲ್ಲಾ ಮೆಖ್ರಿ ಅನ್ನುವವರ ಹೆಸರು ಹೊತ್ತ ಈ ವೃತ್ತದ ಪಕ್ಕದ ಉದ್ಯಾನದಲ್ಲಿ ಕೆಂಪೇಗೌಡರ ನಾಲ್ಕು ಗೋಪುರಗಳಲ್ಲಿ ಉತ್ತರದ್ದು ಇದೆ. ದಿನಾ ಇದರ ಮುಂದೆ ಸಿಗ್ನಲ್ಲಿನಲ್ಲಿ ನಿಲ್ಲುವವರು ಎಷ್ಟು ಜನ ಅದನ್ನು ನೋಡಿದ್ದಾರೋ. ಊರು ಇಲ್ಲಿವರೆಗೂ ಬೆಳೆದೀತು ಅಂತ ಆ ಗೋಪುರ ಕಟ್ಟಿದರು ಅನ್ನೋದು ನಾವು ಚಿಕ್ಕಂದಿನಿಂದ ಕೇಳಿದ ಕತೆ. ಈಗ ಊರು ಶುರುವಾಗೋದೇ ಇಲ್ಲಿಂದ ಅನ್ನುವಂತಿದೆ.

ಇಲ್ಲಿಂದ ಪಶ್ಚಿಮಕ್ಕೆ ಹೋಗೋದು ಸರ್ ಸಿ.ವಿ. ರಾಮನ್ ರಸ್ತೆ. ಸಿ.ವಿ. ರಾಮನ್ ನಗರ ಇರೋದು ಊರಿನ ಪೂರ್ವದಲ್ಲಿ. ಉತ್ತರಕ್ಕೆ ಹೋಗೋದು ಬಳ್ಳಾರಿ ರಸ್ತೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದ ಮೇಲೆ ಇದೇ ಏರ್‌ಪೋರ್ಟ್ ರೋಡ್. ಎಚ್‌ಎಎಲ್ ಕಡೆಯ ಏರ್‌ಪೋರ್ಟ್ ರೋಡ್ ರಾತ್ರೋರಾತ್ರಿ ‘ಓಲ್ಡ್’ ಆಯಿತು. ಹೆದ್ದಾರಿ ಲೆಕ್ಕದಲ್ಲಿ ಇದು ಮೊದಲು 7, ಈಗ 44. ಅಂದರೆ ಹೆಸರಷ್ಟೇ ಅಲ್ಲ, ನಂಬರೂ ಬದಲಾಗುತ್ತೆ. ಇಷ್ಟೆಲ್ಲ ಆದರೂ ಬಳ್ಳಾರಿ ರಸ್ತೆ ಅಂದರೆ ತಿಳಿಯದ ಆಟೊದವರು ಯಾರೂ ಇಲ್ಲ. ಬಳ್ಳಾರಿಗೆ ಹೋಗುವ ದಾರಿ ಬಳ್ಳಾರಿ ರಸ್ತೆ, ಅಷ್ಟೇ. ಅದರ ಹೆಸರಲ್ಲೇ ದಿಕ್ಕು ಇದೆ.

ಬಳ್ಳಾರಿ ರಸ್ತೆಯಲ್ಲಿ ಸ್ವಲ್ಪ ಮುಂದೆ ಬಂದರೆ ಬಲಕ್ಕೆ ಗಂಗಾನಗರ, ಸಿಬಿಐ ಕಚೇರಿ. ಆ ಕಚೇರಿಯಿಂದಾಗಿ ಅಲ್ಲಿನ ರಸ್ತೆ ಸಿಬಿಐ ರೋಡ್. ಅದರಲ್ಲಿ ಒಳಗೆ ಹೋದರೆ ಆರ್‌.ಟಿ. ನಗರ, ಅಂದರೆ ರವೀಂದ್ರನಾಥ ಟ್ಯಾಗೋರ್ ನಗರ. ಹತ್ತು ವರ್ಷದಿಂದ ಇಲ್ಲೇ ಇದ್ದೂ ಇದು ಗೊತ್ತಿಲ್ಲದವರನ್ನು ನಾನು ನೋಡಿದ್ದೀನಿ. ಅವರನ್ನು ದೂರುವಂತಿಲ್ಲ, ನಮ್ಮಲ್ಲಿ ದೊಡ್ಡವರ ಹೆಸರೆಲ್ಲ ಹೀಗೇ ಎರಡಕ್ಷರ ಆಗಿಬಿಡುತ್ತೆ. ಪಕ್ಕದ ಜೆ.ಸಿ. ನಗರ ಜಯಚಾಮರಾಜೇಂದ್ರ ಒಡೆಯರದ್ದು. ಆಚೆ ಕಡೆಯ ಆರ್‌ಎಂವಿ ಎಕ್ಸ್‌ಟೆನ್ಷನ್ ಅಂದರೆ ರಾಜಮಹಲ್ ವಿಲಾಸ್.

ಈ ಭಾಗದಲ್ಲಿ ನಡೆದರೆ ಒಂದು ವಿಷಯ ಕಾಲಿಗೇ ತಿಳಿಯುತ್ತೆ. ಒಂದು ನೂರು ಹೆಜ್ಜೆ ರಸ್ತೆ ನೇರ ಇರುತ್ತೆ. ಮೊದಲನೇ ಕ್ರಾಸ್, ಎರಡನೇ ಕ್ರಾಸ್ ಅಂತ ಎಣಿಸಿಕೊಂಡು ಹೋಗಬಹುದು. ಇದ್ದಕ್ಕಿದ್ದ ಹಾಗೆ ರಸ್ತೆ ಸೊಟ್ಟಗಾಗಿ, ಕಿರಿದಾಗಿ, ಒಂದು ಮಾರಮ್ಮನ ಗುಡಿ, ಅಶ್ವತ್ಥಕಟ್ಟೆ ಬರುತ್ತೆ. ಅದು ಹಳೇ ಊರು. ಅದನ್ನು ದಾಟಿದರೆ ಮತ್ತೆ ನೇರ ರಸ್ತೆ, ಮತ್ತೆ ಮೊದಲನೇ ಕ್ರಾಸ್. ಎಣಿಕೆ ಹೊಸದಾಗಿ ಒಂದರಿಂದ ಶುರು!

ಕಾರಣ ಸರಳ. ಈ ಕಡೆಯ ಬಡಾವಣೆಗಳನ್ನು ಒಬ್ಬರೇ ಕೂತು ಬರೆದಿಲ್ಲ. 1945ರಿಂದ ಸಿಐಟಿಬಿ, 1976ರಿಂದ ಬಿಡಿಎ ಮಾಡಿದ್ದು ಒಂದಿಷ್ಟು. ಹೌಸಿಂಗ್ ಬೋರ್ಡಿನದು ಇನ್ನೊಂದಿಷ್ಟು. ಮಿಕ್ಕಿದ್ದು ಕಾರ್ಖಾನೆ, ಬ್ಯಾಂಕು, ಇಲಾಖೆ ನೌಕರರ ಸೊಸೈಟಿಗಳದ್ದು: ಎಚ್‌ಎಂಟಿ ಲೇಔಟ್, ಬಿಇಎಲ್ ಲೇಔಟ್, ಕೆನರಾ ಬ್ಯಾಂಕ್ ಲೇಔಟ್, ಕಾಫಿ ಬೋರ್ಡ್ ಲೇಔಟ್, ಟೆಲಿಕಾಂ ಲೇಔಟ್, ಜುಡಿಷಿಯಲ್ ಲೇಔಟ್. ಯಾರು ಎಲ್ಲಿ ಕೆಲಸ ಮಾಡ್ತಿದ್ದರು ಅನ್ನೋದು ನಕ್ಷೆ ಮೇಲೆ ಹಾಗೇ ಉಳಿದಿದೆ. ಇವುಗಳ ನಡುವಿನ ಸಂದಿಯಲ್ಲಿ ಹಳ್ಳಿಯವರೇ ಹೊಲ ಒಡೆದು ಮಾರಿದ ಸೈಟುಗಳು. ಪ್ರತಿಯೊಬ್ಬರೂ ತಮ್ಮ ನಕ್ಷೆಯಲ್ಲಿ ಒಂದರಿಂದ ಎಣಿಸಿದರು. ಅವರ ಪಾಲಿಗೆ ಅದು ಸರಿಯೇ, ಆಗ ಪಕ್ಕದಲ್ಲಿದ್ದದ್ದು ರಾಗಿ ಹೊಲ. ಆಮೇಲೆ 2007ರಲ್ಲಿ ಯಲಹಂಕ, ಬ್ಯಾಟರಾಯನಪುರ, ದಾಸರಹಳ್ಳಿ ಸೇರಿ 7 ನಗರಸಭೆಗಳು, ಒಂದು ಪುರಸಭೆ, 110 ಹಳ್ಳಿಗಳು ಹಳೇ ಪಾಲಿಕೆಗೆ ಸೇರಿ ಬಿಬಿಎಂಪಿ ಆಯಿತು. ಊರುಗಳು ಸೇರಿದವು, ಎಣಿಕೆಗಳು ಸೇರಲಿಲ್ಲ.

ಇನ್ನು ‘ಎ’ ಕ್ರಾಸ್ ಅನ್ನುವ ಜಾತಿ ಬೇರೆ. ಐದನೇ ಕ್ರಾಸಿಗೂ ಆರನೇ ಕ್ರಾಸಿಗೂ ನಡುವೆ ಖಾಲಿ ಇದ್ದ ಜಾಗದಲ್ಲಿ ಆಮೇಲೆ ಒಂದು ರಸ್ತೆ ಬಂದರೆ ಅದು 5ನೇ ‘ಎ’ ಕ್ರಾಸ್. ಇನ್ನೊಂದು ಬಂದರೆ ‘ಬಿ’. ಇದನ್ನು ನೋಡಿ ನಗುವವರಿದ್ದಾರೆ. ನನಗೆ ಇದು ಇಡೀ ವ್ಯವಸ್ಥೆಯಲ್ಲೇ ಪ್ರಾಮಾಣಿಕವಾದ ಭಾಗ ಅನ್ನಿಸುತ್ತೆ. ಹೊಸಬ ಬಂದ, ಯಾರ ನಂಬರನ್ನೂ ಕದಲಿಸದೆ ಸಂದಿಯಲ್ಲಿ ಕೂತ.

ಲ್ಯಾಂಡ್‌ಮಾರ್ಕ್ ಹುಡುಕೋದು ಹಗಲಲ್ಲಿ ಬರೀ ಹತ್ತು ನಿಮಿಷದ ಕಿರಿಕಿರಿ. ರಾತ್ರಿ ಹಾಗಲ್ಲ. ಹೋದ ವರ್ಷ ನಮ್ಮ ಎದುರು ಮನೆಯ ಅಜ್ಜಿಗೆ ಬೆಳಗಿನ ಜಾವ ಎರಡೂವರೆಗೆ ಉಸಿರು ಕಟ್ಟಿತು. ಆ್ಯಂಬುಲೆನ್ಸಿಗೆ ಫೋನ್ ಮಾಡಿ ಅವರ ಮಗಳು ವಿಳಾಸ ಸರಿಯಾಗೇ ಹೇಳಿದರು: ಮನೆ ನಂಬರ್, ಕ್ರಾಸ್, ಮೇನ್, ಆರ್‌.ಟಿ. ನಗರ. ಗಾಡಿ ಬೇಗನೇ ಬಂತು, ಅದೇ ನಂಬರಿನ ಕ್ರಾಸಿಗೇ ಬಂತು. ಆದರೆ ಪಕ್ಕದ ಲೇಔಟಿನ ಕ್ರಾಸಿಗೆ. ನಮಗೂ ಅದಕ್ಕೂ ನಡುವೆ ಒಂದು ಕಾಂಪೌಂಡು, ಒಂದು ರಾಜಕಾಲುವೆ. ಸೈರನ್ ಕೇಳಿಸ್ತಿದೆ, ಗಾಡಿ ಕಾಣಿಸ್ತಿಲ್ಲ. ‘ಬಂದಿದ್ದೀನಮ್ಮ, ಬೋರ್ಡ್ ಮುಂದೇನೇ ಇದ್ದೀನಿ’ ಅಂತಾರೆ ಡ್ರೈವರ್. ‘ನಾವೂ ಗೇಟ್ ಹತ್ರಾನೇ ನಿಂತಿದ್ದೀವಿ ಅಣ್ಣ’ ಅಂತಾರೆ ಇವರು. ಇಬ್ಬರು ಹೇಳ್ತಿರೋದೂ ನಿಜ. ಕೊನೆಗೆ ಮೇಲ್ಮನೆ ಹುಡುಗ ಸ್ಕೂಟರ್ ತಗೊಂಡು ಹೋಗಿ ಕರ್ಕೊಂಡು ಬಂದ. ಅಜ್ಜಿ ಈಗ ಚೆನ್ನಾಗಿದ್ದಾರೆ. ಆದರೆ ಅವತ್ತಿನ ಹನ್ನೆರಡು ನಿಮಿಷದಲ್ಲಿ ಅವರ ಮಗಳ ಮುಖ ಹೇಗಿತ್ತು ಅಂತ ನಾನು ನೋಡಿದ್ದೀನಿ. ಲೊಕೇಶನ್ ಕಳಿಸಬಹುದಿತ್ತು ಅನ್ನೋರಿಗೆ: ಆಗ ಅವರ ಕೈಯಲ್ಲಿದ್ದದ್ದು ಅಜ್ಜಿಯ ಬಟನ್ ಫೋನ್.

ಡ್ರೈವರ್ ಹೊರಡುವಾಗ ಹೇಳಿದ ಮಾತು ನೆನಪಿದೆ. ‘ಬೋರ್ಡಲ್ಲಿ ನಂಬರ್ ಇದೆ ಸಾರ್, ಯಾವ ಏರಿಯಾದ್ದು ಅಂತ ಇಲ್ಲ.’

ಈ ಏರಿಯಾ ಹೆಸರಿನ ಗುಟ್ಟು ನಮ್ಮ ಹಳ್ಳಿಗಳಿಗೆ ಎಂದೋ ಗೊತ್ತಿತ್ತು. ಹೆಬ್ಬಾಳವನ್ನೇ ನೋಡಿ. ನಮಗೆ ಅದು ಫ್ಲೈಓವರ್, ಎಸ್ಟೀಮ್ ಮಾಲ್ ಸ್ಟಾಪು, ಟ್ರಾಫಿಕ್ಕು. 2018ರಲ್ಲಿ ಅಲ್ಲಿ ಸಿಕ್ಕ ಕಿತ್ತಯ್ಯ ಅನ್ನುವವನ ವೀರಗಲ್ಲು ಗಂಗರ ದೊರೆ ಶ್ರೀಪುರುಷನ ಕಾಲದ್ದು, ಅಂದರೆ 8ನೇ ಶತಮಾನದ್ದು. ಅದರಲ್ಲಿ ಈ ಸೀಮೆಯ ಹೆಸರು ಪೆರ್ಬೊಳಲ್ ನಾಡು. ಪೊಳಲ್ ಅಂದರೆ ಹಳಗನ್ನಡದಲ್ಲಿ ಪಟ್ಟಣ, ಪೆರ್ ಅಂದರೆ ಹಿರಿದು. ಯಲಹಂಕ ಚೋಳರ ಕಾಲದಲ್ಲಿ ಇಲೈಪಾಕ್ಕ ನಾಡು. ಸಾವಿರಕ್ಕೂ ಹೆಚ್ಚು ವರ್ಷ ಸವೆದು ಸವೆದು ಬಂದ ಹೆಸರುಗಳು ಇವು. ಯಾವ ಸಮಿತಿಯೂ ಬೋರ್ಡ್ ಹಾಕಿಸಿದ್ದಲ್ಲ.

ಹಳ್ಳಿ ಹೆಸರುಗಳಲ್ಲೂ ಗೊಂದಲ ಇತ್ತು, ಒಂದೇ ಹೆಸರಿನ ಊರು ಎರಡೆರಡು. ಅದಕ್ಕೆ ನಮ್ಮವರು ಮಾಡಿಕೊಂಡ ಉಪಾಯ ಈ ದಿಕ್ಕಿನಲ್ಲಿ ಹೆಜ್ಜೆಗೊಂದು ಸಿಗುತ್ತೆ. ದೊಡ್ಡಬೊಮ್ಮಸಂದ್ರ, ಚಿಕ್ಕಬೊಮ್ಮಸಂದ್ರ. ದೊಡ್ಡಬೆಟ್ಟಹಳ್ಳಿ, ಚಿಕ್ಕಬೆಟ್ಟಹಳ್ಳಿ. ಇನ್ನೂ ಉತ್ತರಕ್ಕೆ ಹೋದರೆ ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ. ಜಯನಗರದ ಕಡೆ ಒಂದು ಬೈರಸಂದ್ರ ಇದೆ, ಆರ್‌.ಟಿ. ನಗರದ ಪಕ್ಕದ್ದು ಕಾವಲ್ ಬೈರಸಂದ್ರ. ಹೆಬ್ಬಾಳದ ಹತ್ತಿರ ಒಂದು ದಾಸರಹಳ್ಳಿ, ತುಮಕೂರು ರಸ್ತೆಯದು ಟಿ. ದಾಸರಹಳ್ಳಿ. ನೋಡಿ, ಊರಿಗೇ ಇನಿಷಿಯಲ್!

ಕನ್ನಡದವರಿಗೆ ಇದು ಹೊಸದಲ್ಲ. ನಮ್ಮ ಇನಿಷಿಯಲ್ಲಿನಲ್ಲಿ ಊರು ಇರುತ್ತೆ, ಅಪ್ಪನ ಹೆಸರು ಇರುತ್ತೆ. ಕುಪ್ಪಳಿ ವೆಂಕಟಪ್ಪನವರ ಮಗ ಪುಟ್ಟಪ್ಪ, ಆದ್ದರಿಂದ ಕೆ.ವಿ. ಪುಟ್ಟಪ್ಪ. ಒಂದೇ ಕ್ಲಾಸಿನಲ್ಲಿ ಮೂವರು ಮಂಜುನಾಥರಿದ್ದರೆ ಮೇಷ್ಟ್ರು ಇನಿಷಿಯಲ್ ಹಿಡಿದು ಕೂಗೋದು ಮಾಮೂಲು. ರಸ್ತೆಗೆ ಬಂದಾಗ ಮಾತ್ರ ಅದನ್ನು ಬಿಟ್ಟುಬಿಟ್ಟೆವು. ‘5ನೇ ಅಡ್ಡರಸ್ತೆ’ ಅಂತ ಇನಿಷಿಯಲ್ ಇಲ್ಲದ ಮಂಜುನಾಥನನ್ನು ಮೂಲೆಮೂಲೆಯಲ್ಲೂ ನಿಲ್ಲಿಸಿದ್ದೀವಿ.

ಕ್ರಾಸ್ ಅನ್ನೋ ಮಾತಿನ ಬಗ್ಗೆ ಒಂದು ಉಪಕತೆ. ಹುಬ್ಬಳ್ಳಿ, ಬಾಗಲಕೋಟೆ ಕಡೆಯಿಂದ ಹೊಸದಾಗಿ ಕೆಲಸಕ್ಕೆ ಬಂದ ಗೆಳೆಯರಿಗೆ ಇದು ಪೂರ್ತಿ ಉಲ್ಟಾ ಹೊಡೆಯುತ್ತೆ. ಅಲ್ಲಿ ಕ್ರಾಸ್ ಅಂದರೆ ಹೆದ್ದಾರಿಯಿಂದ ಊರಿಗೆ ತಿರುಗುವ ಜಾಗ: ತಡಸ ಕ್ರಾಸ್, ಕೂಡಲಸಂಗಮ ಕ್ರಾಸ್. ‘ಕ್ರಾಸಿಗೆ ನಿಂತೀನಿ ಬಾ’ ಅಂದರೆ ಆ ತಿರುವಿನಲ್ಲಿ, ಚಹಾದಂಗಡಿ ಹತ್ತಿರ. ಬೆಂಗಳೂರಲ್ಲಿ ಕ್ರಾಸ್ ಅನ್ನೋದು ಉದ್ದಕ್ಕೆ ಇರುವ ರಸ್ತೆ, ಅಲ್ಲಿ ನೂರು ಮನೆ ಇರಬಹುದು. ‘ಎಂಟನೇ ಕ್ರಾಸಿನಲ್ಲಿ ಮನೆ’ ಅಂದರೆ ಆ ಹುಡುಗ ಜಂಕ್ಷನ್ ಹುಡುಕ್ತಾನೆ. ಮಜಾ ಅಂದರೆ ಬಳ್ಳಾರಿ ರಸ್ತೆಯ ಮೇಲೆ ಜಕ್ಕೂರು ಕ್ರಾಸ್, ಕೋಗಿಲು ಕ್ರಾಸ್ ಇವೆ, ಅವು ಉತ್ತರ ಕರ್ನಾಟಕದ ಅರ್ಥದ ಕ್ರಾಸುಗಳೇ. ಎರಡು ಅರ್ಥವೂ ಒಂದೇ ರಸ್ತೆಯಲ್ಲಿ ಜೊತೆಗಿವೆ.

ಕೋಗಿಲು ಕ್ರಾಸ್ ಆಯಿತು ಅಂದರೆ ಯಲಹಂಕ. ಹಳೇ ಊರಿನ ಬೀದಿಗಳು ಕೆಂಪೇಗೌಡರ ಮನೆತನದ ಊರಿನ ಬೀದಿಗಳಿದ್ದ ಹಾಗೇ ಇವೆ, ನಂಬರಿಗೆ ಬಗ್ಗಲ್ಲ. ನ್ಯೂಟೌನ್ ಕಡೆ ಹೋದರೆ ಬೇರೆಯೇ ಲೋಕ. ಗೃಹಮಂಡಳಿ ಕಟ್ಟಿದ್ದು ಅದು. ಇಲ್ಲಿ ಮೇನ್–ಕ್ರಾಸಿನ ಮೇಲೆ ಎ ಸೆಕ್ಟರ್, ಬಿ ಸೆಕ್ಟರ್, ನಾಲ್ಕನೇ ಫೇಸ್, ಐದನೇ ಫೇಸ್. ಅದರ ಮೇಲೆ ಎಲ್‌ಐಜಿ, ಎಂಐಜಿ, ಎಚ್‌ಐಜಿ. ಕಡಿಮೆ ಆದಾಯದವರು, ಮಧ್ಯಮ ಆದಾಯದವರು, ಹೆಚ್ಚು ಆದಾಯದವರು! ಮೊದಲು ಮನೆ ಪಡೆದವರ ಸಂಬಳ ಎಷ್ಟಿತ್ತು ಅನ್ನೋದು ಇವತ್ತಿಗೂ ವಿಳಾಸದಲ್ಲಿ ಇದೆ. ಎಲ್‌ಐಜಿ ಮನೆ ಒಡೆದು ಮೂರು ಮಹಡಿ ಎಬ್ಬಿಸಿ, ಕೆಳಗೆ ಕಾರು ನಿಲ್ಲಿಸಿದ್ದರೂ ಕೊರಿಯರ್ ಮೇಲೆ ಎಲ್‌ಐಜಿ ಅಂತಲೇ ಬರುತ್ತೆ. ನಗು ಬಂದರೂ ಒಂದು ಮಾತು ಒಪ್ಪಬೇಕು: ಇಲ್ಲಿ ಡೆಲಿವರಿ ಹುಡುಗರು ಕಡಿಮೆ ಫೋನ್ ಮಾಡ್ತಾರೆ. ಸೆಕ್ಟರ್ ಅನ್ನೋ ಇನಿಷಿಯಲ್ ಇದೆಯಲ್ಲ.

ಪುಟ್ಟೇನಹಳ್ಳಿ ಮಾತ್ರ ಇಲ್ಲಿಯ ನಿತ್ಯದ ತಮಾಷೆ. ಹಕ್ಕಿ ಬರುವ ಕೆರೆ ಇರೋ ಪುಟ್ಟೇನಹಳ್ಳಿ ಯಲಹಂಕದ್ದು. ಇನ್ನೊಂದು ಪುಟ್ಟೇನಹಳ್ಳಿ ಜೆ.ಪಿ. ನಗರದ ಪಕ್ಕ, ನಗರದ ಇನ್ನೊಂದು ತುದಿ, ಅಲ್ಲೂ ಕೆರೆ. ‘ಪುಟ್ಟೇನಹಳ್ಳಿ ಕೆರೆ ಹತ್ತಿರ ಸಿಗೋಣ’ ಅಂತ ಮೆಸೇಜ್ ಹಾಕುವ ಮುಂಚೆ ಒಂದು ಸಲ ಯೋಚನೆ ಮಾಡಿ.

ಇಲ್ಲಿಯ ಒಂದು ದೊಡ್ಡ ರಸ್ತೆಗೆ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅವರ ಹೆಸರಿದೆ. 2008ರ ಮುಂಬೈ ದಾಳಿಯಲ್ಲಿ ತಾಜ್ ಹೋಟೆಲಿನಲ್ಲಿ ಪ್ರಾಣ ಕೊಟ್ಟ ಎನ್‌ಎಸ್‌ಜಿ ಯೋಧ ಅವರು. ಸ್ಥಳೀಯರ ಬಾಯಲ್ಲಿ ಅದು ಇನ್ನೂ ಮದರ್ ಡೇರಿ ಡಬಲ್ ರೋಡು. ಅಗೌರವ ಅಲ್ಲ ಅದು, ಅಭ್ಯಾಸ. ನ್ಯೂ ಬಿಇಎಲ್ ರೋಡನ್ನು ಎಂ.ಎಸ್. ರಾಮಯ್ಯ ರಸ್ತೆ ಅಂತ ಬಸ್ಸಿನಲ್ಲಿ ಟಿಕೆಟ್ ಕೇಳಿದವರನ್ನು ನಾನಂತೂ ನೋಡಿಲ್ಲ. ಹೆಸರಿಡೋದು ಸ್ಮರಣೆಗೆ, ಕರೆಯೋದು ದಾರಿಗೆ. ಬೋರ್ಡಿನಲ್ಲಿ ಎರಡಕ್ಕೂ ಜಾಗ ಮಾಡಿದರೆ ಜಗಳ ಇಲ್ಲ. ಹೆಸರು ದೊಡ್ಡದಾಗಿ, ರೂಢಿಯ ಹೆಸರು ಅದರ ಕೆಳಗೆ.

ಯಲಹಂಕದಿಂದ ಯಶವಂತಪುರಕ್ಕೆ ರೈಲಿನಲ್ಲಿ ಹೋಗಿ, ಬಹಳ ಜನ ಹೋಗಿರಲ್ಲ. ದಾರಿಯಲ್ಲಿ ಕೊಡಿಗೇಹಳ್ಳಿ, ಲೊಟ್ಟೆಗೊಲ್ಲಹಳ್ಳಿ ಅಂತ ಪುಟ್ಟ ಸ್ಟೇಷನ್ನುಗಳು. ರೈಲ್ವೆಯವರು ಹಳ್ಳಿ ಹೆಸರು ಹಿಡಿದರು, ಇವತ್ತಿಗೂ ನಡೀತಿದೆ. ಯಶವಂತಪುರದಲ್ಲಿ ಇಳಿದರೆ ಹೊಸ ಪರೀಕ್ಷೆ: ಸ್ಟೇಷನ್ನಿಗೆ ಎರಡು ಬಾಗಿಲು. ಒಂದು ಊರಿನ, ಮಾರ್ಕೆಟಿನ ಕಡೆ. ಇನ್ನೊಂದು ತುಮಕೂರು ರಸ್ತೆ, ಮೆಟ್ರೊ ಕಡೆ. ‘ಸ್ಟೇಷನ್ ಹೊರಗಿದ್ದೀನಿ’ ಅಂತ ಎರಡು ಕಡೆಯಿಂದ ಇಬ್ಬರು ಕ್ಯಾಬ್ ಕಾಯೋದು ಇಲ್ಲಿ ದಿನನಿತ್ಯದ ದೃಶ್ಯ. ಮೆಟ್ರೊದಲ್ಲಿ ಹಿಂದಿನ ಸ್ಟೇಷನ್ ಸ್ಯಾಂಡಲ್ ಸೋಪ್ ಫ್ಯಾಕ್ಟರಿ, ಮುಂದಿನದು ಗೊರಗುಂಟೆಪಾಳ್ಯ. ಇದಕ್ಕೆ ಮೊದಲು ಯಶವಂತಪುರ ಇಂಡಸ್ಟ್ರಿ ಅಂತ ಹೆಸರಿತ್ತು. ಕೊನೆಗೆ ಊರಿನ ಹೆಸರೇ ಗೆದ್ದಿತು. ಕಣ್ಣು ಮುಚ್ಚಿಕೊಂಡು ಕೂತರೂ ಇಳಿಯುವ ಜಾಗ ಗೊತ್ತಾಗುತ್ತೆ.

ಬೇರೆ ದೇಶದವರು ಏನು ಮಾಡಿದ್ದಾರೆ ಅಂತ ಹುಡುಕಿದರೆ ಪ್ಯಾರಿಸ್ಸಿನ ಲೆಕ್ಕ ನನಗೆ ಹಿಡಿಸಿತು. 1805ರಲ್ಲೇ ಅವರು ಒಂದು ಕಡೆ ಸಮ, ಇನ್ನೊಂದು ಕಡೆ ಬೆಸ ಸಂಖ್ಯೆ ಕೊಟ್ಟರು. ಸೀನ್ ನದಿಗೆ ಅಡ್ಡವಾಗಿರುವ ರಸ್ತೆಯಲ್ಲಿ ಎಣಿಕೆ ನದಿ ಕಡೆಯಿಂದ ಶುರು, ನದಿಯ ಜೊತೆ ಹೋಗುವ ರಸ್ತೆಯಲ್ಲಿ ನೀರು ಹರಿಯುವ ದಿಕ್ಕಿಗೆ. ಮನೆ ನಂಬರ್ ನೋಡಿದರೆ ಹೊಳೆ ಯಾವ ಕಡೆ ಅಂತ ತಿಳಿಯುತ್ತೆ. ನಮಗೆ ಹೊಳೆ ಇಲ್ಲ, ಬಳ್ಳಾರಿ ರಸ್ತೆ ಇದೆ. ಅದಕ್ಕೆ ಹತ್ತಿರ ಇರೋದು ಒಂದು, ದೂರ ಇರೋದು ಹತ್ತು ಅಂತ ಎಲ್ಲ ಲೇಔಟಿನವರೂ ಮೊದಲೇ ಎಣಿಸಿದ್ದರೆ ಎಷ್ಟೋ ಕಾಲು ಉಳೀತಿತ್ತು. ಜಪಾನಿನಲ್ಲಿ ಹೆಚ್ಚಿನ ರಸ್ತೆಗಳಿಗೆ ಹೆಸರೇ ಇಲ್ಲ, ಬ್ಲಾಕಿಗೆ ನಂಬರು. ಅಲ್ಲೂ ಜನ ನಕ್ಷೆ ಬರೆದೇ ದಾರಿ ಹೇಳ್ತಾರೆ ಅಂದಮೇಲೆ ನಮಗೆ ಸ್ವಲ್ಪ ಸಮಾಧಾನ.

ಈಗ ಎಲ್ಲವನ್ನೂ ಹೊಸದಾಗಿ ಎಣಿಸೋಣ ಅನ್ನುವವರಿಗೆ ನನ್ನ ವಿರೋಧ ಇದೆ. ನಮ್ಮ ಗೇಟುಗಳನ್ನು ನೋಡಿದ್ದೀರಾ? ಹಳೇ ನಂಬರು, ಹೊಸ ನಂಬರು, ತೆರಿಗೆಗೆ ವಾರ್ಡು–ರಸ್ತೆ–ಸ್ವತ್ತು ಸೇರಿಸಿದ ಪಿಐಡಿ, ಕರೆಂಟಿಗೊಂದು ಆರ್‌ಆರ್ ನಂಬರು, ನೀರಿಗೆ ಇನ್ನೊಂದು. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳು ಬಂದವು. ಅದೇ ವರ್ಷ ಅಂಚೆ ಇಲಾಖೆ ಡಿಜಿಪಿನ್ ತಂದಿತು. ಇಡೀ ದೇಶವನ್ನು ನಾಲ್ಕು ಮೀಟರ್ ಚೌಕಗಳಾಗಿ ಮಾಡಿ, ಪ್ರತಿ ಚೌಕಕ್ಕೆ ಅಕ್ಷರ, ಅಂಕಿ ಸೇರಿದ ಹತ್ತರ ಒಂದು ಕೋಡ್. ಆ್ಯಂಬುಲೆನ್ಸಿನಂಥದಕ್ಕೆ ಇದು ಬಹಳ ಒಳ್ಳೆಯದು, ಎಲ್ಲರೂ ತಮ್ಮ ಮನೆಯದನ್ನು ನೋಡಿ ಫ್ರಿಜ್ಜಿನ ಮೇಲೆ ಬರೆದಿಡಿ. ಆದರೆ ಎರಡೂವರೆ ರಾತ್ರಿಯಲ್ಲಿ ನಡುಗುವ ಬಾಯಲ್ಲಿ ಹತ್ತು ಅಕ್ಷರ ಹೇಳೋದು ಕಷ್ಟ. 1972ರಲ್ಲಿ ಬಂದ ಪಿನ್‌ಕೋಡ್ ಆರೇ ಅಂಕಿ, ಅದೂ ಬೆಂಗಳೂರಿಗೆಲ್ಲ ಮೊದಲ ಮೂರು 560. ಆರ್‌.ಟಿ. ನಗರ 32, ಹೆಬ್ಬಾಳ 24, ಯಶವಂತಪುರ 22, ಯಲಹಂಕ 64. ನಮ್ಮ ತಂದೆಯ ಕಾಲದವರು ‘ಬೆಂಗಳೂರು–32’ ಅಂತ ಬರೀತಿದ್ದರು. ಅದು ಸಾಕಾಗ್ತಿತ್ತು.

ಬೋರ್ಡಿನ ಮೇಲೆ ಬೇಕಿರೋದು ಹೆಚ್ಚೇನಲ್ಲ. ಅಡ್ಡರಸ್ತೆಯ ನಂಬರು, ಅದು ಯಾವ ಮೇನ್‌ಗಳ ನಡುವೆ ಇದೆ, ಹಳ್ಳಿ ಅಥವಾ ಲೇಔಟಿನ ಹೆಸರು, ಆ ಎರಡಂಕಿ. ರಾತ್ರಿ ಹೆಡ್‌ಲೈಟಿಗೆ ಹೊಳೆಯುವ ಬಣ್ಣ. ರಸ್ತೆಯ ಎರಡೂ ತುದಿಯಲ್ಲಿ ಒಂದೊಂದು, ಒಂದೇ ಕಡೆ ಅಲ್ಲ. ಮರದ ಕೊಂಬೆಯ ಹಿಂದೆ ಅಲ್ಲ.

ಅಜ್ಜಿಯ ಘಟನೆ ಆದ ಮೇಲೆ ನಮ್ಮ ರಸ್ತೆಯವರು ಮನೆಗೆ ಇಷ್ಟು ಅಂತ ದುಡ್ಡು ಹಾಕಿ, ಮೂಲೆ ಮನೆಯವರ ಒಪ್ಪಿಗೆ ತಗೊಂಡು, ಅವರ ಕಾಂಪೌಂಡಿನ ಮೇಲೆ ಬರೆಸಲು ಪೇಂಟರನ್ನು ಕರೆದರು. ಆತ ಬ್ರಷ್ ಹಿಡಿದು ಕೇಳಿದ: ‘ನಂಬರ್ ಸರಿ, ಏರಿಯಾ ಏನು ಬರೀಲಿ ಸಾರ್?’ ಅಲ್ಲಿಗೆ ಶುರುವಾಯಿತು. ಒಬ್ಬರ ಸೇಲ್ ಡೀಡಿನಲ್ಲಿ ಮಠದಹಳ್ಳಿ. ಇನ್ನೊಬ್ಬರ ಕರೆಂಟ್ ಬಿಲ್ಲಿನಲ್ಲಿ ಮಠದಹಳ್ಳಿ ಎಕ್ಸ್‌ಟೆನ್ಷನ್. ಬಾಡಿಗೆಯವರ ಆಧಾರಿನಲ್ಲಿ ಆರ್‌.ಟಿ. ನಗರ. ಆರ್‌.ಟಿ. ನಗರ ಅಂದರೇ ಬಾಡಿಗೆ ಚೆನ್ನಾಗಿ ಬರುತ್ತೆ ಅಂತ ಒಬ್ಬ ಯಜಮಾನರು ಮೆಲ್ಲಗೆ ಹೇಳಿದರು. ಅರ್ಧ ಗಂಟೆ ಚರ್ಚೆ, ಎರಡು ಸುತ್ತು ಕಾಫಿ. ಕೊನೆಗೆ ಎದುರು ಮನೆ ಅಜ್ಜಿಯೇ ಗೇಟಿನಿಂದ ಕೂಗಿದರು: ‘ಊರ ಹೆಸರು ದಪ್ಪಕ್ಕೆ ಬರಿಯಪ್ಪ, ಮಿಕ್ಕಿದ್ದೆಲ್ಲ ಕೆಳಗೆ ಸಣ್ಣಕ್ಕೆ ಹಾಕು.’ ಹಾಗೇ ಆಯಿತು. ಮಠದಹಳ್ಳಿ ದಪ್ಪಗೆ, ಆರ್‌.ಟಿ. ನಗರ–32 ಅದರ ಕೆಳಗೆ. ಬಣ್ಣ ಒಣಗಿದ ಮಾರನೇ ದಿನ ನಂಬರಿನ ಮೇಲೇ ಯಾರೋ ಟು–ಲೆಟ್ ಚೀಟಿ ಅಂಟಿಸಿದ್ದರು, ಕಿತ್ತು ಹಾಕಿದ್ದೀವಿ.